ಮುಚ್ಚಿದ ಬುರುಡೆ, ಮುಚ್ಚಿದ ಕಡತ

ಬೈಕಿನಿಂದ ಬಿದ್ದು ಮಿದುಳು ಊದಿಕೊಂಡವರಿಗೆ, ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡು ಸ್ಟ್ರೋಕ್ ಆದವರಿಗೆ ತಲೆಬುರುಡೆಯ ಅಂಗೈಯಗಲದ ಮೂಳೆಯನ್ನೇ ತೆಗೆದು ಒಳಗಿನ ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆ ಈಗ ಮಹಾನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ತೆಗೆದ ಮೂಳೆಯನ್ನು ರೋಗಿಯ ಹೊಟ್ಟೆಯ ಚರ್ಮದಡಿಯಲ್ಲೋ ಆಸ್ಪತ್ರೆಯ ಡೀಪ್ ಫ್ರೀಜರಿನಲ್ಲೋ ಕಾದಿಡುತ್ತಾರೆ. ಊತ ಇಳಿದು ಕೆಲವು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅದನ್ನೇ ಮತ್ತೆ ಕೂರಿಸುತ್ತಾರೆ. ಅದು ಕೆಟ್ಟಿದ್ದರೆ ಬೋನ್ ಸಿಮೆಂಟ್, ಟೈಟೇನಿಯಂ ಅಥವಾ ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಮೊರೆ ಹೋಗುತ್ತಾರೆ. ಈ ಎರಡನೆಯ ಶಸ್ತ್ರಚಿಕಿತ್ಸೆಯೇ ಕ್ರೇನಿಯೋಪ್ಲಾಸ್ಟಿ. ಮೊದಲನೆಯದಕ್ಕೆ ಇಡೀ ಆಸ್ಪತ್ರೆ ನಡುರಾತ್ರಿ ಎದ್ದು ನಿಲ್ಲುತ್ತದೆ. ಎರಡನೆಯದು ದಿನದ ಪಟ್ಟಿಯ ಕೊನೆಗೆ ಜಾರಿ, ತುರ್ತು ಕೇಸು ಬಂದರೆ ಮುಂದಿನ ವಾರಕ್ಕೆ ಹೋಗುತ್ತದೆ. ನಮ್ಮ ಆತಂಕವಿರುವುದು ಈ ಎರಡನೆಯದರ ಬಗ್ಗೆ.

ಮೂಳೆ ತೆಗೆಯುವುದರ ಲಾಭನಷ್ಟವನ್ನು ವೈದ್ಯಲೋಕ ಶ್ರದ್ಧೆಯಿಂದ ಅಳೆದಿದೆ. ಯುರೋಪಿನ ಮೂರು ಅಧ್ಯಯನಗಳನ್ನು ಕೂಡಿಸಿ 2007ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಭಾರಿ ಸ್ಟ್ರೋಕ್ ಆದವರಿಗೆ 48 ಗಂಟೆಯೊಳಗೆ ಈ ಶಸ್ತ್ರಚಿಕಿತ್ಸೆ ಮಾಡಿದರೆ ವರ್ಷದ ಕೊನೆಗೆ ಬದುಕಿರುವವರ ಪ್ರಮಾಣ ಶೇ. 29ರಿಂದ ಶೇ. 78ಕ್ಕೆ ಏರುತ್ತದೆ. ತಲೆಗೆ ತೀವ್ರ ಪೆಟ್ಟಾದ 408 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ರೆಸ್ಕ್ಯೂ ಐಸಿಪಿ ಅಧ್ಯಯನದಲ್ಲಿ ಆರು ತಿಂಗಳ ಸಾವಿನ ಪ್ರಮಾಣ ಶೇ. 48.9ರಿಂದ ಶೇ. 26.9ಕ್ಕೆ ಇಳಿಯಿತು. ಹೀಗೆ ಉಳಿದವರಲ್ಲಿ ಬಹುತೇಕರು ಮುಂದೊಂದು ದಿನ ಬುರುಡೆ ಮುಚ್ಚಿಸಿಕೊಳ್ಳಲು ಬರಲೇಬೇಕು. ಆದರೆ ಮೂಳೆಯನ್ನು ಯಾವಾಗ ಕೂರಿಸಬೇಕು, ಯಾವ ವಸ್ತು ಬಾಳುತ್ತದೆ, ಹೊಟ್ಟೆ ಒಳ್ಳೆಯದೋ ಫ್ರೀಜರ್ ಒಳ್ಳೆಯದೋ ಎಂದು ಕೇಳಿದರೆ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ಒಂದೊಂದೇ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತಿರುವಿ ಹಾಕಿ ತೆಗೆದವು. ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ ನಡೆಸಿದ ಪ್ರಯೋಗಗಳು ಬೆರಳೆಣಿಕೆಯಷ್ಟು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 64 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಂಥದೊಂದು ಪ್ರಯೋಗದಲ್ಲಿ, ತಮ್ಮದೇ ಮೂಳೆ ಮರಳಿ ಪಡೆದ 31 ಮಂದಿಯ ಪೈಕಿ 7 ಜನರಲ್ಲಿ ಅದು ಕರಗಿ ನಿರುಪಯೋಗಿಯಾಯಿತು. ಸ್ವಂತ ಮೂಳೆಗಿಂತ ಸುರಕ್ಷಿತವಾದದ್ದು ಇನ್ನೇನಿದೆ ಎಂದು ನಂಬಿದ್ದವರು ಅಂದೇ ಎಚ್ಚೆತ್ತುಕೊಳ್ಳಬೇಕಿತ್ತು.

ಅಪಾಯದ ಸೂಚನೆಗಳು ಬರುವಾಗ ಸದ್ದು ಮಾಡುವುದಿಲ್ಲ. ಮೂಳೆಯಿಲ್ಲದ ಕಡೆ ಚರ್ಮ ದಿನದಿಂದ ದಿನಕ್ಕೆ ಒಳಗೆ ಕುಸಿಯುತ್ತದೆ. 'ಸಾರ್, ಮಲಗಿದ್ರೆ ಆರಾಮಾಗಿರ್ತಾರೆ, ಎದ್ದು ಕೂತ್ರೆ ತಲೆನೋವು, ಮಾತೂ ತಡವರಿಸುತ್ತೆ' ಎಂದು ಹೆಂಡತಿ ಹೇಳುತ್ತಾಳೆ. ಪೆಟ್ಟು ಬಿದ್ದ ಮಿದುಳು, ಹಾಗೇ ಇರುತ್ತದೆ ಎಂಬ ಸಮಾಧಾನದ ಜೊತೆಗೆ ನೋವಿನ ಮಾತ್ರೆ ಸಿಗುತ್ತದೆ. ಬುರುಡೆಯಲ್ಲಿ ಕಿಂಡಿ ಉಳಿದವರ ಈ ಲಕ್ಷಣಗಳನ್ನು ಗ್ರಾಂಟ್ ಮತ್ತು ನಾರ್‌ಕ್ರಾಸ್ ಎಂಬ ವೈದ್ಯರು 1939ರಲ್ಲೇ ಬರೆದಿಟ್ಟಿದ್ದಾರೆ. ಬುರುಡೆ ಮುಚ್ಚಿದ ಮೇಲೆ ಅನೇಕರಲ್ಲಿ ಅವು ಕಡಿಮೆಯಾಗುವುದೂ ಗೊತ್ತಿರುವ ಸಂಗತಿಯೇ. ಮುಚ್ಚಿದ ನಂತರದ ಸೂಚನೆಗಳು ಇನ್ನೂ ಸಣ್ಣವು: ಕಿವಿಯ ಮುಂದೆ ಹೊಲಿಗೆಯ ತುದಿಯಲ್ಲಿ ಒಣಗದೆ ಉಳಿದ ಒಂದು ಚುಕ್ಕೆ, ದಿಂಬಿಗೆ ಅಂಟುವ ಹಳದಿ ಕಲೆ, ಬಾಚಣಿಗೆಗೆ ಎಡತಾಕುವ ಸ್ಕ್ರೂವಿನ ತಲೆ, ಟೈಟೇನಿಯಂ ಅಂಚಿನ ಮೇಲೆ ತೆಳುವಾಗಿ ಹೊಳೆಯುವ ಚರ್ಮ, ಮಗುವಿನ ತಲೆಯಲ್ಲಿ ಮೂಳೆಯ ಅಂಚು ಮೆತ್ತಗಾಗುವುದು. ಆ ಚುಕ್ಕೆಯನ್ನು ಮೊದಲ ವಾರವೇ ನೋಡಿದರೆ ಔಷಧದಲ್ಲೋ ಸಣ್ಣ ಶುಚಿಯಲ್ಲೋ ಮುಗಿಯಬಹುದು. ಬಿಟ್ಟರೆ ಕೀವು ಮೂಳೆಗೆ ಇಳಿಯುತ್ತದೆ, ಕೂರಿಸಿದ್ದನ್ನು ಕಿತ್ತು ತೆಗೆಯಬೇಕಾಗುತ್ತದೆ, ಮತ್ತೆ ತಿಂಗಳುಗಟ್ಟಲೆ ತೆರೆದ ತಲೆ, ಮತ್ತೆ ಅರಿವಳಿಕೆ, ಮತ್ತೆ ಸಾಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಸ್ಥಿತಿ ಇದು.

ಕಾಗದಗಳಲ್ಲೂ ಸೂಚನೆಗಳಿವೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಮೂಳೆ ಹೊಟ್ಟೆಯಲ್ಲಿದೆ' ಎಂಬ ಒಂದೇ ಸಾಲಿದ್ದು ಯಾವಾಗ ಮರಳಬೇಕೆಂಬ ದಿನಾಂಕ ಇಲ್ಲದಿರುವುದು. ಫ್ರೀಜರಿನ ಉಷ್ಣಾಂಶದ ಪುಸ್ತಕದಲ್ಲಿ ಕರೆಂಟ್ ಹೋದ ರಾತ್ರಿಗಳ ಕಾಲಂ ಖಾಲಿ ಇರುವುದು. ಒಳಗಿಟ್ಟ ಪ್ಲೇಟಿನ ಬ್ಯಾಚ್ ಸಂಖ್ಯೆಯ ಸ್ಟಿಕರ್ ಬಿಲ್ಲಿನ ಮೇಲಿದ್ದು ಕೇಸ್ ಶೀಟಿನಲ್ಲಿ ಇಲ್ಲದಿರುವುದು. ಒಂದೊಂದೂ ಕ್ಷುಲ್ಲಕವೇ. ಕೂಡಿ ನೋಡಿದರೆ, ಹತ್ತು ವರ್ಷದ ನಂತರ ಒಂದು ವಸ್ತು ಕೆಟ್ಟದ್ದೆಂದು ತಿಳಿದುಬಂದರೆ ಅದು ಯಾರ ತಲೆಯಲ್ಲಿದೆ ಎಂದು ಹುಡುಕುವ ದಾರಿಯೇ ಇಲ್ಲ.

ಈ ಹೊತ್ತಿನಲ್ಲೇ ಹೊಸ ವಸ್ತುಗಳು ವೇಗವಾಗಿ ಬರುತ್ತಿವೆ. ಸಿ.ಟಿ. ಸ್ಕ್ಯಾನ್ ನೋಡಿ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ, ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಬೋನ್ ಸಿಮೆಂಟ್ ಎರೆಯುವ ವಿಧಾನ ಅಗ್ಗ, ಅಂದವೂ ಹೌದು. ಬಡ ರೋಗಿಗೆ ಇದು ವರವೇ. ನಾವು ಇದನ್ನು ವಿರೋಧಿಸುತ್ತಿಲ್ಲ. ಆದರೆ ವೈದ್ಯರ ಲಿಖಿತ ಸೂಚನೆಯ ಮೇಲೆ ಒಬ್ಬನೇ ರೋಗಿಗೆಂದು ತಯಾರಿಸಿದ ಸಾಧನಕ್ಕೆ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಹಲವು ಕಟ್ಟುಪಾಡುಗಳಿಂದ ವಿನಾಯಿತಿ ಕೊಟ್ಟಿವೆ. ವಿನಾಯಿತಿಗೆ ಕಾರಣವಿದೆ, ಸರಿ. ಅಪರೂಪಕ್ಕೆಂದು ತೆರೆದ ಬಾಗಿಲು ರಾಜಮಾರ್ಗವಾದಾಗ ಕಾವಲು ಯಾರದು?

ಇದನ್ನು ನಾವು ಒಮ್ಮೆ ಕಂಡಿದ್ದೇವೆ. ಡೆಪ್ಯೂ ಕಂಪನಿಯ ಎಎಸ್ಆರ್ ಎಂಬ ಕೃತಕ ಸೊಂಟದ ಕೀಲು 2010ರಲ್ಲಿ ಜಗತ್ತಿನಾದ್ಯಂತ ವಾಪಸಾಯಿತು. ಅದಕ್ಕೂ ಮೊದಲೇ ದೋಷವನ್ನು ಬೆರಳು ಮಾಡಿ ತೋರಿಸಿದ್ದು ಆಸ್ಟ್ರೇಲಿಯಾದ ಕೀಲು ರಿಜಿಸ್ಟ್ರಿ. ಅಲ್ಲಿ ಪ್ರತಿ ಕೀಲಿಗೂ ಲೆಕ್ಕವಿತ್ತು. ಭಾರತದಲ್ಲಿ ಅಂಥ ಸುಮಾರು 4,700 ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಕೇಂದ್ರ ಸರ್ಕಾರ ತಜ್ಞರ ಸಮಿತಿ ನೇಮಿಸಿದ್ದು 2017ರಲ್ಲಿ. ಅಷ್ಟು ಹೊತ್ತಿಗೆ ಹೆಚ್ಚಿನ ರೋಗಿಗಳ ಪತ್ತೆಯೇ ಇರಲಿಲ್ಲ.

ನಮ್ಮಲ್ಲಿ ಸೋಂಕು ತೀರಾ ಕಡಿಮೆ ಎಂದು ಆಸ್ಪತ್ರೆಗಳು ಹೇಳುತ್ತವೆ. ಸುಳ್ಳು ಹೇಳುತ್ತಿಲ್ಲ, ಅವು ಕಂಡದ್ದೇ ಅಷ್ಟು. ಬೆಂಗಳೂರಿನಲ್ಲಿ ಬುರುಡೆ ಮುಚ್ಚಿಸಿಕೊಂಡ ಯಾದಗಿರಿಯ ಕೂಲಿಕಾರ ಕೀವು ಬಂದಾಗ ಹೋಗುವುದು ತಾಲ್ಲೂಕಿನ ಆಸ್ಪತ್ರೆಗೆ. ಅಲ್ಲಿನವರಿಗೆ ಅದು ಒಂದು ಗಾಯ. ಇಲ್ಲಿನವರಿಗೆ ಅವನು ಗುಣವಾಗಿ ಹೋದವನು.

ಮಾಡಬೇಕಾದ್ದು ದೊಡ್ಡದಲ್ಲ. ಬ್ರಿಟನ್ ಮತ್ತು ಜರ್ಮನಿಯ ನ್ಯೂರೋಸರ್ಜನ್‌ಗಳು ಬುರುಡೆ ದುರಸ್ತಿಗೆಂದೇ ರಿಜಿಸ್ಟ್ರಿ ಕಟ್ಟಿದ್ದಾರೆ. ನಮ್ಮಲ್ಲಿ 2007ರಿಂದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಇದೆ, 2015ರಿಂದ ಸಾಧನಗಳ ದೋಷ ವರದಿ ಮಾಡುವ ರಾಷ್ಟ್ರೀಯ ವ್ಯವಸ್ಥೆ ಇದೆ, ನಿಮ್ಹಾನ್ಸ್‌ನಂಥ ಸಂಸ್ಥೆ ಮನೆಯಂಗಳದಲ್ಲೇ ಇದೆ. ಮೂಳೆ ತೆಗೆದ ದಿನ, ಇಟ್ಟ ಜಾಗ, ಮುಚ್ಚಿದ ದಿನ, ಬಳಸಿದ ವಸ್ತುವಿನ ಬ್ಯಾಚ್, ಎರಡು ವರ್ಷದ ನಂತರದ ಸ್ಥಿತಿ: ಮೊದಲಿಗೆ ಈ ಐದು ಕಾಲಂ ಸಾಕು. ಕೊನೆಯದನ್ನು ತುಂಬಲು ಒಂದು ಫೋನ್ ಕರೆ.

ಸರ್ಕಾರ ಬುರುಡೆ ದುರಸ್ತಿಗೆ ಹಣ ಕೊಡುವಾಗ ಈ ಐದನ್ನೂ ಕೇಳಲಿ. ತುಂಬದ ಬಿಲ್ಲು ಪಾಸಾಗದಿರಲಿ.

ಇದುವರೆಗೆ ಏನೂ ಆಗಿಲ್ಲ ಎನ್ನುವವರಿಗೆ ನಮ್ಮದು ಒಂದೇ ಪ್ರಶ್ನೆ: ಆಗಿದ್ದರೆ ನಿಮಗೆ ತಿಳಿಯುತ್ತಿದ್ದುದು ಹೇಗೆ?