ಹಾಲು-ಹಣ್ಣಿನ ಪಥ್ಯ ಯಾರಿಗೆ?



ವರ್ಕಾಡಿಯ ಕಡೆ ಅಡಿಕೆ, ಗೇರು ತೋಟಗಳಲ್ಲಿ ದುಡಿಯುವ ನಾವು ಹೊಟ್ಟೆಯುರಿ ತಾಳಲಾರದೆ ಆಸ್ಪತ್ರೆಗೆ ಹೋದರೆ, ಮಾತ್ರೆಯೊಡನೆ ಒಂದು ಪಥ್ಯವೂ ಸಿಗುತ್ತದೆ: ಹಾಲು ಕುಡಿಯಿರಿ, ಹಣ್ಣು ತಿನ್ನಿರಿ, ಖಾರ ಬಿಡಿರಿ, ಹೊತ್ತಿಗೆ ಸರಿಯಾಗಿ ಉಣ್ಣಿರಿ. ನಮ್ಮ ಹೊತ್ತು ನಮ್ಮ ಕೈಯಲ್ಲಿದೆಯೇ? ಮುಂಜಾನೆ ಬರೇ ಚಹಾ ಕುಡಿದು ಹೊರಟವರಿಗೆ ಗಂಜಿ ಸಿಗುವುದು ಯಾವಾಗ ಎಂದು ಯಾರಾದರೂ ಕೇಳಿದರೇ?

ಕೇಳದೆ ಕೊಟ್ಟ ಪಥ್ಯ ಸಲಹೆಯಲ್ಲ, ಬರೇ ಅಪ್ಪಣೆ.

ಹೊಟ್ಟೆಹುಣ್ಣಿಗೆ ಖಾರವೇ ಮೂಲವೆಂಬುದು ಹಳೆಯ ಮಾತು. 1982ರಲ್ಲಿ ಆಸ್ಟ್ರೇಲಿಯದ ವೈದ್ಯರಾದ ವಾರೆನ್ ಮತ್ತು ಮಾರ್ಷಲ್ ಹೆಲಿಕೋಬ್ಯಾಕ್ಟರ್ ಎಂಬ ರೋಗಾಣುವನ್ನು ಬೆಳೆಸಿ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಹೆಚ್ಚಿನ ಹುಣ್ಣುಗಳಿಗೆ ಈ ರೋಗಾಣು, ಇಲ್ಲವೇ ನೋವಿನ ಮಾತ್ರೆ ಕಾರಣ. ರೋಗಾಣುವಿಗೆ ಔಷಧವಿದೆ. ಹಾಲು ಉರಿಯನ್ನು ಸ್ವಲ್ಪ ಹೊತ್ತು ತಣಿಸೀತು, ಹುಣ್ಣನ್ನು ಮಾಯಿಸದು. ಹಾಲು ಕೊಳ್ಳಲಾರದ ತಾಯಂದಿರು ಅಪರಾಧಿಗಳಲ್ಲ.

ನಮ್ಮ ತಪ್ಪೂ ಇದೆ. ಬೀಡಿ, ಕುಡಿತ, ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆ, ಇವನ್ನು ಬಿಡೋಣ. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ ಅಂದೇ ಆಸ್ಪತ್ರೆ ಸೇರೋಣ.

ಸಲಹೆ ಕೊಡುವವರಲ್ಲಿ ನಾವು ಕೇಳುವುದಿಷ್ಟು: ಮೊದಲು ನಮ್ಮ ಮಡಕೆಯಲ್ಲಿ ಏನಿದೆಯೆಂದು ಕೇಳಿರಿ. ಕುಚ್ಚಲಕ್ಕಿ ಗಂಜಿ, ಹೆಸರು, ಬೂತಾಯಿ, ಹಿತ್ತಿಲ ನುಗ್ಗೆಸೊಪ್ಪು, ಇವುಗಳಲ್ಲಿ ಯಾವುದು ಯಾರಿಗೆ ಆದೀತೆಂದು ನಮ್ಮ ತುಳು, ಕನ್ನಡದಲ್ಲೇ ಹೇಳಿರಿ.

ಧಣಿಗಳಲ್ಲಿ ಕೇಳುವುದೂ ಇದೆ. 1951ರ ತೋಟ ಕಾರ್ಮಿಕರ ಕಾಯಿದೆ 150 ಜನ ದುಡಿಯುವ ತೋಟಕ್ಕೆ ಕ್ಯಾಂಟೀನಿನ ಮಾತಾಡಿತ್ತು. ಚಿಕ್ಕ ತೋಟದ ನಮಗೆ ಅದು ಎಟುಕಲಿಲ್ಲ. ಹೊತ್ತಿಗೆ ಸರಿಯಾಗಿ ಊಟದ ಬಿಡುವನ್ನಾದರೂ ಕೊಡಿರಿ. ಆ ಬಿಡುವಿಲ್ಲದೆ ಯಾವ ಪಥ್ಯವೂ ನಡೆಯದು.