ವೇಗದ ಹೆದ್ದಾರಿಯೂ ತಲಕಾಡಿನ ಮರಳೂ

ಭಾನುವಾರ ಮುಂಜಾನೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಹೊರಟ ಕಾರುಗಳು ನಾಯಂಡಹಳ್ಳಿಯಲ್ಲಿ ಒಂದಾಗಿ ಕೆಂಗೇರಿಯನ್ನು ದಾಟುತ್ತವೆ. ಕೆಲವು ವರ್ಷಗಳ ಹಿಂದೆ ಈ ಪಯಣಕ್ಕೊಂದು ಕ್ರಮವಿತ್ತು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಮಕ್ಕಳಿಗೊಂದು ಮರದ ಗೊಂಬೆ, ಮದ್ದೂರಿನಲ್ಲಿ ವಡೆ. ಸಮಯ ಉಳಿದರೆ ಮಳವಳ್ಳಿಯತ್ತ ತಿರುಗಿ ತಲಕಾಡಿನ ಮರಳು, ಅಲ್ಲಿಂದ ಸೋಮನಾಥಪುರದ ಶಿಲ್ಪ. ಇಂದು ಅದೇ ಕಾರು ಎಲ್ಲಿಯೂ ನಿಲ್ಲದೆ ಮೈಸೂರನ್ನು ಮುಟ್ಟುತ್ತದೆ.

2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ದ 118 ಕಿ.ಮೀ.; ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ಮೂರು ಗಂಟೆಯ ಹಾದಿಯನ್ನು ಅರ್ಧಕ್ಕಿಳಿಸುವುದು ಅದರ ಗುರಿಯಾಗಿತ್ತು. ನಿತ್ಯ ಓಡಾಡುವವರಿಗೆ ಅದರಿಂದ ಅನುಕೂಲವಾಗಿದೆ ಎಂಬುದು ನಿರ್ವಿವಾದ. ಆದರೆ ಬೈಪಾಸು, ಮೇಲ್ಸೇತುವೆಗಳು ನಡುವಿನ ಪಟ್ಟಣಗಳನ್ನು ಪ್ರಯಾಣಿಕರ ಕಣ್ಣಿನಿಂದ ದೂರ ಮಾಡಿದವು. ಹೋಟೆಲು, ಗೊಂಬೆ ಅಂಗಡಿಗಳವರು ವ್ಯಾಪಾರ ಕುಸಿದಿದೆಯೆಂದು ಆ ವರ್ಷವೇ ದನಿಯೆತ್ತಿದರು. ಸರಣಿ ಅಪಘಾತಗಳ ಬಳಿಕ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧಿಸಲಾಯಿತು. ಸುರಕ್ಷತೆಯ ದೃಷ್ಟಿಯಿಂದ ಅದು ಸಮರ್ಥನೀಯವೇ ಸರಿ. ಆದರೆ ಬೈಕಿನಲ್ಲಿ ಹೊರಡುವ ವಿಜಯನಗರದ ಯುವಕನಿಗೆ ಅಂದಿನಿಂದ ಸರ್ವೀಸ್ ರಸ್ತೆಯೇ ಗತಿಯಾಯಿತು.

ಹೀಗೆ ಮರೆಗೆ ಸರಿಯುವ ತಾಣಗಳು ಸಾಮಾನ್ಯವಾದವುಗಳಲ್ಲ. ಕಾವೇರಿಯ ಎಡದಂಡೆಯ ತಲಕಾಡು ಗಂಗರ ರಾಜಧಾನಿ. ಬಳಿಕ ಚೋಳರ ವಶವಾಗಿ, 12ನೆಯ ಶತಮಾನದ ಆರಂಭದಲ್ಲಿ ಹೊಯ್ಸಳ ವಿಷ್ಣುವರ್ಧನನ ಕೈಸೇರಿತು. ಅವನು 'ತಲಕಾಡುಗೊಂಡ'ನೆನಿಸಿದ, ಅಲ್ಲಿ ಕೀರ್ತಿನಾರಾಯಣ ದೇವಾಲಯ ನಿಂತಿತು. ಹಸಿರು ಬಯಲಿನ ನಡುವೆ ಮರುಭೂಮಿಯಂತೆ ಹರಡಿರುವ ದಿಬ್ಬಗಳು ಮುಂದೆ ಆ ನಗರವನ್ನೇ ನುಂಗಿದವು. ಮುಂಗಾರು ಗಾಳಿಗೆ ಮರಳು ವರ್ಷಕ್ಕೆ ಒಂಬತ್ತು-ಹತ್ತು ಅಡಿ ಮುನ್ನುಗ್ಗುತ್ತದೆಯೆಂದು ಬಿ.ಎಲ್. ರೈಸ್ ತಮ್ಮ ಮೈಸೂರು ಗ್ಯಾಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಪಂಚಲಿಂಗ ದರ್ಶನಕ್ಕೆ (ಇತ್ತೀಚಿನದು 2009, 2013 ಮತ್ತು 2020ರಲ್ಲಿ) ಬರುವ ಭಕ್ತರು ಇಂದಿಗೂ ಮರಳಿನ ನಡುವಿನ ತಗ್ಗಿಗೆ ಇಳಿದೇ ಪಾತಾಳೇಶ್ವರನನ್ನು ಕಾಣಬೇಕು.

ಜನಪದರು ಇದನ್ನು ಅಲಮೇಲಮ್ಮನ ಶಾಪವೆಂದು ನಂಬುತ್ತಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಪ್ರಸಂಗಕ್ಕೆ ಆ ಕಥೆ ಅಂಟಿಕೊಂಡಿದೆ. ಕೃಷಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ ಬೇರೊಂದು ವಿವರಣೆ ನೀಡಿದ್ದಾರೆ. ವಿಜಯನಗರದ ಕಾಲದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟು ನೀರನ್ನು ತಡೆದಾಗ ಕೆಳಗಿನ ನದೀಪಾತ್ರ ಬತ್ತಿ ಮರಳು ಬಯಲಾಯಿತು. ಗಾಳಿ ಅದನ್ನು ಹೊತ್ತು ದಂಡೆಯ ಊರಿನ ಮೇಲೆ ಸುರಿಯಿತು ಎಂಬುದು ಅದರ ಸಾರ.

ಈ ವಿವರಣೆಯನ್ನು ಒಪ್ಪುವುದಾದರೆ ಅದರಲ್ಲಿ ಇಂದಿಗೂ ಸಲ್ಲುವ ಪಾಠವಿದೆ. ಅಣೆಕಟ್ಟು ಕಟ್ಟಿದವರ ಉದ್ದೇಶ ಗದ್ದೆಗೆ ನೀರುಣಿಸುವುದೇ ಹೊರತು ಊರನ್ನು ಹೂಳುವುದಲ್ಲ. ಎರಡು ತುದಿಗಳನ್ನಷ್ಟೇ ಗಮನಿಸಿದ ಹೆದ್ದಾರಿಯ ಉದ್ದೇಶವೂ ಸದುದ್ದೇಶವೇ. ಲೆಕ್ಕ ತಪ್ಪುವುದು ಹರಿವು ತಪ್ಪಿದ ಜಾಗದಲ್ಲಿ, ಅಲ್ಲಿ ನೀರು, ಇಲ್ಲಿ ಜನ.

ಇಲ್ಲಿಯ ವಿಪರ್ಯಾಸವನ್ನೂ ಗಮನಿಸಬೇಕು. ಹೆದ್ದಾರಿ ತೆರೆದ ವರ್ಷವೇ, ಸೆಪ್ಟೆಂಬರ್ 18ರಂದು, ಮರುಭೂಮಿಯ ನಾಡಾದ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಸೇರಿದ್ದ ಸಭೆ ಬೇಲೂರು, ಹಳೇಬೀಡುಗಳ ಜೊತೆಗೆ ಸೋಮನಾಥಪುರವನ್ನೂ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಈ ಕೇಶವ ದೇವಾಲಯಕ್ಕೆ ನಕ್ಷತ್ರಾಕಾರದ ಮೂರು ಗರ್ಭಗುಡಿಗಳಿವೆ. ಶಿಲ್ಪಿ ಮಲ್ಲಿತಮ್ಮ ವಿಗ್ರಹಗಳ ಕೆಳಗೆ ತನ್ನ ಹೆಸರು ಕೆತ್ತಿ ಹೋಗಿದ್ದಾನೆ. ಜಗತ್ತು ಗುರುತಿಸಿದ ಇಂಥ ತಾಣವನ್ನು ನಮ್ಮದೇ ರಸ್ತೆಯ ಮೇಲೆ ಸಾಗುವವರು ಗುರುತಿಸದೆ ಹೋದರೆ ಅದಕ್ಕಿಂತ ನಷ್ಟ ಬೇರೇನಿದೆ?

ಹೆದ್ದಾರಿಯನ್ನು ಹಳಿಯುವುದು ಇದಕ್ಕೆ ಪರಿಹಾರವಲ್ಲ. ಮದ್ದೂರಿನ ಬಳಿ ಮಳವಳ್ಳಿ, ತಲಕಾಡಿನ ತಿರುವನ್ನು ಸಾಕಷ್ಟು ಮೊದಲೇ ಸೂಚಿಸುವ ದೊಡ್ಡ ಕನ್ನಡ ಫಲಕಗಳು ಬೇಕು. ವಿಶ್ರಾಂತಿ ತಾಣಗಳಲ್ಲಿ ಹೊರಗಿನ ಸರಪಳಿ ಮಳಿಗೆಗಳಿಗಿಂತ ಮೊದಲು ಚನ್ನಪಟ್ಟಣದ ಗೊಂಬೆ ತಯಾರಕರಿಗೆ, ಮದ್ದೂರಿನ ಅಡುಗೆಯವರಿಗೆ ಜಾಗ ಸಿಗಬೇಕು. ಕಾರಿಲ್ಲದವರಿಗಾಗಿ ಮೆಟ್ರೊ ಸಂಪರ್ಕವಿರುವ ಕೆಂಗೇರಿಯಿಂದ ರಜಾದಿನಗಳಲ್ಲಿ ತಲಕಾಡು-ಸೋಮನಾಥಪುರಕ್ಕೆ ಸಾರಿಗೆ ಬಸ್ಸು ಓಡಿಸುವುದು ಅಸಾಧ್ಯವೇನಲ್ಲ. ಅದೇ ವೇಳೆ ಮರಳ ದಿಬ್ಬಗಳು ತಾಳುವಷ್ಟು ಮಾತ್ರ ಜನರನ್ನು ಬಿಡುವ ಎಚ್ಚರವೂ ಇರಬೇಕು. ಜನಜಂಗುಳಿಯೂ ಪರಂಪರೆಗೆ ಇನ್ನೊಂದು ಬಗೆಯ ಮರಳೇ.

ಊರೊಂದು ಮರಳಲ್ಲಿ ಹೂತುಹೋದಾಗ ನಮ್ಮ ಹಿರಿಯರು ಕಾರಣವನ್ನು ಶಾಪಕ್ಕೆ ಒಪ್ಪಿಸಿ ಸಮಾಧಾನ ಪಟ್ಟರು. ಹೆದ್ದಾರಿಯ ಬದಿಯ ಊರುಗಳ ವಿಷಯದಲ್ಲಿ ಆ ನೆಪ ನಮಗಿಲ್ಲ.