ಕಣ್ಣುಂಟು, ನೆನಪಿಲ್ಲ

ನಮ್ಮ ರಾಜಾಜಿನಗರ, ಬಸವೇಶ್ವರನಗರದ ಕಡೆ ಈಗ ಹೊಸ ಕಾರಿಗೆ ಮೂರು ರಕ್ಷೆಗಳು. ಒಂದು, ಚಕ್ರದಡಿಗೆ ಇಟ್ಟು ಅಪ್ಪಚ್ಚಿ ಮಾಡುವ ನಿಂಬೆಹಣ್ಣು. ಎರಡು, ಸ್ಟಿಯರಿಂಗ್ ಮುಂದೆ ಕೂರಿಸುವ ಪುಟ್ಟ ಗಣಪತಿ. ಮೂರು, ಮುಂದಿನ ಗಾಜಿಗೆ ಅಂಟಿಸುವ ಡ್ಯಾಶ್‌ಕ್ಯಾಮ್. ಮೊದಲೆರಡರ ಬಗ್ಗೆ ನನ್ನದೇನೂ ತಕರಾರಿಲ್ಲ. ಅವು ನಂಬಿಕೆಯ ಮಾತು, ನಂಬಿಕೆಗೆ ಯಾರೂ ಪುರಾವೆ ಕೇಳುವುದಿಲ್ಲ. ಮೂರನೆಯದನ್ನು ಕೊಳ್ಳುವುದೇ ಪುರಾವೆಗಾಗಿ. ಅದನ್ನೂ ಕಟ್ಟಿ ಮರೆತುಬಿಡುವುದಾದರೆ ಅಷ್ಟೊಂದು ದುಡ್ಡು ಏಕೆ ಸುರಿಯಬೇಕಿತ್ತು? ಇನ್ನೊಂದು ನಿಂಬೆಹಣ್ಣೇ ಸಾಕಿತ್ತಲ್ಲ!

ಡ್ಯಾಶ್‌ಕ್ಯಾಮ್ ಎಂಬುದು ಬರಿಯ ಕಣ್ಣು. ಕಂಡದ್ದನ್ನು ನೆನಪಿಟ್ಟುಕೊಳ್ಳುವ ಕೆಲಸ ಅದರ ಪಕ್ಕದ ಸೀಳಿನಲ್ಲಿ ತೂರಿಸುವ, ಬೆರಳಿನ ಉಗುರಿನಷ್ಟಗಲದ ಮೆಮರಿ ಕಾರ್ಡಿನದು. ನಾಳೆ ಪೊಲೀಸ್ ಠಾಣೆಯಲ್ಲೋ ವಿಮಾ ಕಂಪನಿಯ ಮೇಜಿನ ಮುಂದೋ ನಿಮ್ಮ ಪರವಾಗಿ ಬಾಯಿ ಬಿಡಬೇಕಾದದ್ದು ಆ ಕಾರ್ಡು. ಕ್ಯಾಮೆರಾ ಕೊಳ್ಳುವಾಗ ನಾವು ಏನೆಲ್ಲ ವಿಚಾರಿಸುತ್ತೇವೆ! ರಾತ್ರಿ ಕಾಣುತ್ತದೆಯೇ, ಹಿಂದಕ್ಕೂ ಒಂದು ಕಣ್ಣಿದೆಯೇ, ಮೊಬೈಲಿಗೆ ಜೋಡಿಸಬಹುದೇ. ಕಾರ್ಡಿನ ಮಾತು ಬಂದಾಗ ಮಾತ್ರ, 'ಯಾವುದೋ ಒಂದು ಹಾಕಿಬಿಡಿ'. ಈ 'ಯಾವುದೋ ಒಂದು' ಎಂಬ ಉಡಾಫೆಯ ಮೇಲೆ ನನ್ನ ಜಗಳ.

ಇದು ಗಂಡಸರ ಯಂತ್ರದ ಗೀಳು, ನಮಗೇಕೆ ಎನ್ನಬೇಡಿ. ಇದು ನಮಗೇ ಹೆಚ್ಚು ಬೇಕಾದ ವಿಷಯ. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಒಂದು ಕಾರಿಗೆ ಒಂದು ಬೈಕು ತಗುಲಿತು ಎಂದುಕೊಳ್ಳಿ. ಜನ ಸೇರುತ್ತಾರೆ. ಸ್ಟಿಯರಿಂಗ್ ಹಿಂದೆ ಹೆಂಗಸನ್ನು ಕಂಡ ಕೂಡಲೇ ಅರ್ಧ ತೀರ್ಪು ಮುಗಿದಿರುತ್ತದೆ. 'ಲೇಡೀಸ್ ಡ್ರೈವಿಂಗ್ ಸಾರ್' ಎಂದು ಒಬ್ಬ ಹೇಳಿದರೆ ಮಿಕ್ಕವರು ಏನೂ ನೋಡದೆಯೂ ಕಂಡವರಾಗುತ್ತಾರೆ. ಬೈಕು ಎದುರು ದಿಕ್ಕಿನಿಂದ ನುಗ್ಗಿತು ಎಂದು ನೀವು ಎಷ್ಟು ಕೂಗಿ ಹೇಳಿದರೂ ನಿಮ್ಮ ಮಾತಿಗೆ ಅಲ್ಲಿ ಬೆಲೆಯಿಲ್ಲ. 'ಗಾಬರಿಯಾಗಿದ್ದೀರಿ ಮೇಡಂ, ಮನೆಯವರಿಗೆ ಫೋನ್ ಮಾಡಿ' ಎಂಬ ಸಾಂತ್ವನ ಬೇರೆ! ಮಾತಿಗೆ ಬೆಲೆಯಿಲ್ಲದ ಕಡೆ ಚಿತ್ರಕ್ಕೆ ಬೆಲೆಯಿದೆ. ಚಿತ್ರಕ್ಕೆ ಗಂಡು ಹೆಣ್ಣು ಎಂಬ ಭೇದವಿಲ್ಲ.

ಚಿತ್ರದ ಬಲ ಎಂಥದೆಂದು ಈ ಊರು ಕಂಡಿದೆ. 2023ರ ಜನವರಿಯಲ್ಲಿ ನಮ್ಮ ಮಾಗಡಿ ರಸ್ತೆಯಲ್ಲೇ ಸ್ಕೂಟರಿನವನೊಬ್ಬ, ಪ್ರಶ್ನಿಸಲು ಇಳಿದ ವಯಸ್ಸಾದ ಕಾರು ಚಾಲಕರನ್ನು ಸುಮಾರು ಒಂದು ಕಿಲೋಮೀಟರ್ ಎಳೆದುಕೊಂಡು ಹೋದ. ಹಿಂದೆ ಬರುತ್ತಿದ್ದವರ ಮೊಬೈಲಿನಲ್ಲಿ ಅದು ಸೆರೆಯಾಗದಿದ್ದರೆ ನಾವು ಯಾರಾದರೂ ನಂಬುತ್ತಿದ್ದೆವೇ? ಅದೇ ತಿಂಗಳ ಕೊನೆಗೆ, ನಗರದ ಇನ್ನೊಂದು ತುದಿಯ ಸರ್ಜಾಪುರ ರಸ್ತೆಯಲ್ಲಿ, ನಸುಕಿನ ಮೂರು ಗಂಟೆಯ ಹೊತ್ತಿಗೆ ಇಬ್ಬರು ಬೈಕಿನಲ್ಲಿ ಎದುರಿನಿಂದ ಬಂದು ಬೇಕೆಂದೇ ಕಾರಿಗೆ ಗುದ್ದಿ, ಒಳಗಿದ್ದ ದಂಪತಿಯನ್ನು ಸುಮಾರು ಐದು ಕಿಲೋಮೀಟರ್ ಅಟ್ಟಿಸಿಕೊಂಡು ಬಂದರು. ದಂಪತಿ ಕಾರಿನಿಂದ ಇಳಿಯಲಿಲ್ಲ, ಅದು ಅವರ ಜಾಣತನ. ಕಾರಿನ ಡ್ಯಾಶ್‌ಕ್ಯಾಮ್ ಎಲ್ಲವನ್ನೂ ಹಿಡಿದಿಟ್ಟಿತ್ತು. ಪೊಲೀಸರು ಇಬ್ಬರನ್ನೂ ಬಂಧಿಸಿದರು. ಆ ಸುದ್ದಿ ಓದಿ ಎಷ್ಟೋ ಮಂದಿ ಕ್ಯಾಮೆರಾ ಕೊಂಡರು. ಆ ರಾತ್ರಿ ಆ ಕಾರ್ಡು ಕೈಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದವರು ಮಾತ್ರ ಕಡಿಮೆ.

'ರಸ್ತೆ ತುಂಬ ಸರ್ಕಾರದ ಕ್ಯಾಮೆರಾಗಳಿವೆಯಲ್ಲ' ಎನ್ನುವವರಿದ್ದಾರೆ. ಇವೆ, ನಿಜ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಬೆಂಗಳೂರಿಗೆ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಬಂದಿವೆ, ಬರಲಿ, ಸಂತೋಷ. ಆದರೆ ಅವು ನೋಡುವುದು ವೃತ್ತವನ್ನು, ನಿಮ್ಮ ಬಂಪರನ್ನಲ್ಲ. ಹಾವನೂರು ಸರ್ಕಲ್ಲಿನಿಂದ ಎರಡು ಅಡ್ಡರಸ್ತೆ ಒಳಗೆ ಹೋದರೆ ನಿಮಗೆ ನೀವೇ ಸಾಕ್ಷಿ. 'ಈಗಿನ ಕ್ಯಾಮೆರಾ ನೇರ ಇಂಟರ್ನೆಟ್ಟಿಗೇ ಕಳಿಸುತ್ತದೆ' ಎನ್ನುವವರೂ ಉಂಟು. ಅದಕ್ಕೆ ಸಿಮ್ ಬೇಕು, ಸಿಗ್ನಲ್ ಬೇಕು, ಸಾಮಾನ್ಯವಾಗಿ ತಿಂಗಳ ಬಾಡಿಗೆಯೂ ಬೇಕು. ಇಷ್ಟೆಲ್ಲ ಇದ್ದರೂ ಹೆಚ್ಚಿನ ಕ್ಯಾಮೆರಾಗಳು ಮೊದಲು ಬರೆದುಕೊಳ್ಳುವುದು ಕಾರ್ಡಿಗೇ.

ಕಾರ್ಡು ಏಕೆ ಸಾಯುತ್ತದೆ ಎಂಬುದನ್ನು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಮಗುವಿನ ಕಾಪಿ ಪುಸ್ತಕ ನೋಡಿದ್ದರೆ ಸಾಕು. ಒಂದೇ ಜಾಗದಲ್ಲಿ ಬರೆದು, ರಬ್ಬರಿನಿಂದ ಅಳಿಸಿ, ಮತ್ತೆ ಬರೆದರೆ ಏನಾಗುತ್ತದೆ? ಕಾಗದ ಸವೆದು ತೂತಾಗುತ್ತದೆ. ಕಾರ್ಡಿನೊಳಗಿನ ಕೋಶಗಳೂ ಹಾಗೆಯೇ. ಪ್ರತಿ ಸಲ ಅಳಿಸಿ ಬರೆದಾಗಲೂ ಅವುಗಳ ತೆಳುವಾದ ಪೊರೆ ಒಂದಿಷ್ಟು ಸವೆಯುತ್ತದೆ. ಈ ಬಗೆಯ ನೆನಪಿಗೆ 'ಫ್ಲ್ಯಾಷ್' ಎಂದು ಹೆಸರು. 1980ರ ದಶಕದಲ್ಲಿ ಜಪಾನಿನ ತೋಷಿಬಾ ಕಂಪನಿಯ ಫುಜಿಯೊ ಮಸುಓಕ ಇದನ್ನು ಕಂಡುಹಿಡಿದಾಗ, ಒಂದು ದೊಡ್ಡ ಭಾಗವನ್ನು ಕ್ಯಾಮೆರಾದ ಮಿಂಚಿನ ಹಾಗೆ ಒಮ್ಮೆಲೇ ಅಳಿಸಬಲ್ಲದೆಂದು ಬಂದ ಹೆಸರು ಅದು. ನೋಡಿ, ನೆನಪಿಗೆ ಹೆಸರು ಬಂದದ್ದೇ ಅಳಿಸುವ ಗುಣದಿಂದ!

ಹಳೆಯ ಬಗೆಯ, ಕೋಶಕ್ಕೆ ಒಂದೇ ಅಂಕಿ ಹಿಡಿಸುವ ದುಬಾರಿ ಫ್ಲ್ಯಾಷ್ ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆದರೂ ತಾಳುತ್ತಿತ್ತು. ಈಗಿನ ಅಗ್ಗದ ಕಾರ್ಡುಗಳಲ್ಲಿ ಒಂದೊಂದು ಕೋಶಕ್ಕೆ ಮೂರು, ನಾಲ್ಕು ಅಂಕಿ ತುರುಕುತ್ತಾರೆ. ಆಗ ಬಾಳಿಕೆ ಒಂದೆರಡು ಸಾವಿರ ಸಲಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಮೊಬೈಲಿನಲ್ಲಿ ಇದು ಗೊತ್ತಾಗುವುದಿಲ್ಲ. ಮದುವೆಯ ಫೋಟೊ, ಮೊಮ್ಮಗುವಿನ ವಿಡಿಯೊ ಹಾಕಿದರೆ ಅಲ್ಲೇ ಇರುತ್ತವೆ, ಯಾರು ದಿನಾ ಅಳಿಸುತ್ತಾರೆ? ಡ್ಯಾಶ್‌ಕ್ಯಾಮಿನ ಕಥೆ ಬೇರೆ. ಅದು ಬಿಡುವಿಲ್ಲದೆ ಬರೆಯುತ್ತದೆ. ಜಾಗ ಮುಗಿದರೆ ಹಳೆಯದನ್ನು ಅಳಿಸಿ ಮತ್ತೆ ಮೊದಲಿನಿಂದ.

ಸೊಪ್ಪಿನ ಲೆಕ್ಕ ಮಾಡುವಷ್ಟೇ ಸುಲಭವಾಗಿ ಇದನ್ನೂ ಲೆಕ್ಕ ಹಾಕಬಹುದು. ಸಾಧಾರಣ ಸ್ಪಷ್ಟತೆಯ ಕ್ಯಾಮೆರಾ ಒಂದಾದರೆ ಗಂಟೆಗೆ ಸುಮಾರು 7 ಜಿಬಿ ತುಂಬುತ್ತದೆ. 64 ಜಿಬಿ ಕಾರ್ಡು ಒಂಬತ್ತು ಗಂಟೆಗೆ ಭರ್ತಿ. ವಿಜಯನಗರದಿಂದ ವೈಟ್‌ಫೀಲ್ಡಿಗೆ ಹೋಗಿ ಬರುವುದರಲ್ಲಿ ದಿನಕ್ಕೆ ಮೂರು ಗಂಟೆ ಕಳೆಯುವವರ ಕಾರ್ಡು ಮೂರು ದಿನಕ್ಕೊಮ್ಮೆ, ಅಂದರೆ ವರ್ಷಕ್ಕೆ ಸುಮಾರು 120 ಸಲ ಪೂರ್ತಿ ಅಳಿದು ಬರೆಯಲ್ಪಡುತ್ತದೆ. ಹಿಂದೊಂದು ಕ್ಯಾಮೆರಾ ಇದ್ದರೆ ಹೆಚ್ಚುಕಡಿಮೆ ಎರಡರಷ್ಟು. ಕಾರು ರಸ್ತೆಯಲ್ಲಿ ನಿಂತಿರುವಾಗಲೂ ಹಗಲೂ ರಾತ್ರಿ ಚಿತ್ರ ಹಿಡಿಯುವಂತೆ ಬಿಟ್ಟರೆ ವರ್ಷಕ್ಕೆ 900 ಸಲ ದಾಟುತ್ತದೆ. ಒಂದೆರಡು ಸಾವಿರ ಸಲದ ಆಯುಷ್ಯವುಳ್ಳದ್ದು ಎಷ್ಟು ದಿನ ಬಾಳೀತು ಎಂದು ನೀವೇ ಹೇಳಿ. ಇದರ ಮೇಲೆ ಬಿಸಿಲು. 2016ರ ಏಪ್ರಿಲಿನಲ್ಲಿ ನಮ್ಮ ತಂಪು ಬೆಂಗಳೂರು 39.2 ಡಿಗ್ರಿ ಕಂಡಿತು. ನೆರಳಿಲ್ಲದೆ, ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನ ಮುಂದಿನ ಗಾಜಿನ ಬಳಿ ಹೊರಗಿನ ಶಾಖಕ್ಕಿಂತ ಎಷ್ಟೋ ಹೆಚ್ಚು.

ಉಪ್ಪಿನಕಾಯಿ ಹಾಕುವಾಗ ನಾವು ಮಿಡಿ ಆರಿಸಿ, ಉಪ್ಪು ತೂಗಿ, ಮೆಣಸಿನಪುಡಿ ಮನೆಯಲ್ಲೇ ಕುಟ್ಟಿಸಿ, ಕೊನೆಗೆ ಒದ್ದೆ ಡಬ್ಬಿಗೆ ಸುರಿಯುತ್ತೇವೆಯೇ? ಭರಣಿ ಮೊದಲೇ ತೊಳೆದು, ಬಿಸಿಲಿಗಿಟ್ಟು, ಒಣಗಿದೆಯೇ ಎಂದು ಕೈಯಿಟ್ಟು ನೋಡುತ್ತೇವೆ. ಭರಣಿಯ ವಿಷಯದಲ್ಲಿ ಇರುವ ಎಚ್ಚರ ಕಾರ್ಡಿನ ವಿಷಯದಲ್ಲೂ ಇರಲಿ ಎನ್ನುವುದಷ್ಟೇ ನನ್ನ ವಾದ.

ಇದಕ್ಕೆಂದೇ ತಯಾರಾದ ಕಾರ್ಡುಗಳಿವೆ. 'ಎಂಡ್ಯೂರೆನ್ಸ್' ಎಂಬ ಪದ ಅವುಗಳ ಮೇಲೆ ಅಚ್ಚಾಗಿರುತ್ತದೆ, ಎಂದರೆ ತಾಳಿಕೆ. ಎಷ್ಟು ಗಂಟೆ ಚಿತ್ರ ಹಿಡಿಯಬಲ್ಲವೆಂದು ಕಂಪನಿಗಳೇ ಹೇಳುತ್ತವೆ. ಉದಾಹರಣೆಗೆ, ಸ್ಯಾನ್‌ಡಿಸ್ಕ್ ಕಂಪನಿ ತನ್ನ 64 ಜಿಬಿಯ 'ಹೈ ಎಂಡ್ಯೂರೆನ್ಸ್' ಕಾರ್ಡಿಗೆ 5,000 ಗಂಟೆ, 'ಮ್ಯಾಕ್ಸ್ ಎಂಡ್ಯೂರೆನ್ಸ್' ಕಾರ್ಡಿಗೆ 30,000 ಗಂಟೆ ಎಂದು ಹೇಳಿದೆ. ದಿನಕ್ಕೆ ಮೂರು ಗಂಟೆ ಓಡಿಸುವವರಿಗೆ 5,000 ಗಂಟೆ ಎಂದರೆ ನಾಲ್ಕೂವರೆ ವರ್ಷ, ಧಾರಾಳವಾಯಿತು. ಹಗಲೂ ರಾತ್ರಿ ಬರೆಸುವವರಿಗೆ ಅದೇ ಕಾರ್ಡು ಏಳು ತಿಂಗಳಿಗೆ ಮುಗಿಯಿತು. ಒಂದೇ ಹೆಸರು, ಒಂದೇ ಗಾತ್ರ, ಆದರೆ ಯಾರಿಗೆ ಯಾವುದು ಎಂಬುದು ಅವರವರ ದಿನಚರಿಯ ಮೇಲೆ. ಅದಕ್ಕೇ ಇದನ್ನು ಅಂಗಡಿಯವನ ಕೈಗೆ ಬಿಡಬಾರದು. ನಿಮ್ಮ ದಿನಚರಿ ಗೊತ್ತಿರುವುದು ನಿಮಗೆ.

ಅಂಗಡಿಯವರ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದು ಅಂಗಡಿಯಲ್ಲಿ ನಾನು ತಾಳಿಕೆಯ ಗಂಟೆ ಕೇಳಿದಾಗ, 'ಕ್ಲಾಸ್ ಟೆನ್ ಇದೆ ಮೇಡಂ, ಟಾಪ್ ಕ್ವಾಲಿಟಿ' ಎಂಬ ಉತ್ತರ ಬಂತು. ಕ್ಲಾಸ್ 10 ಎಂದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯಬಲ್ಲದು ಎಂದಷ್ಟೇ ಅರ್ಥ. ಅದು ವೇಗ, ಆಯುಷ್ಯವಲ್ಲ. ಎಷ್ಟು ಬೇಗ ಓಡುತ್ತಾನೆ ಎಂದರೆ ಎಷ್ಟು ವರ್ಷ ಬದುಕುತ್ತಾನೆ ಎಂದಾಗುತ್ತದೆಯೇ? ಇನ್ನೊಬ್ಬರು ಕ್ಯಾಮೆರಾದ ಜೊತೆ ಕಾರ್ಡು 'ಫ್ರೀ' ಎಂದರು. ಯಾವ ಕಂಪನಿ, ಯಾವ ಬಗೆ ಎಂದರೆ ಹೇಳಲು ಅವರಿಗೇ ತಿಳಿಯದು. ಹೆಸರಿಲ್ಲದ ಸಾಕ್ಷಿಯನ್ನು ಯಾರು ಫ್ರೀ ಕೊಟ್ಟರೂ ಬೇಡ.

ನಕಲಿಯ ಹಾವಳಿ ಇನ್ನೊಂದು. ದೊಡ್ಡ ಕಂಪನಿಯ ಹೆಸರು, ಅದೇ ಬಣ್ಣ. ಒಳಗೆ 8 ಜಿಬಿಯೋ 16 ಜಿಬಿಯೋ. ಕೇಳಿದರೆ ಮಾತ್ರ 128 ಎಂದು ಸುಳ್ಳು ಹೇಳುವಂತೆ ತಿದ್ದಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ನೀರಿನ ಮೇಲೆ ಬರೆದಂತೆ. ಇದನ್ನು ಪತ್ತೆ ಹಚ್ಚಲು ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶವಿದೆ. ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಪೂರ್ತಿ ತುಂಬಿಸಿ, ಮತ್ತೆ ಓದಿ, ನಿಜ ಹೇಳುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಒಂದು ಸಂಜೆಯ ಕೆಲಸ. ಬಿಲ್ಲು ಇಲ್ಲದೆ ಕಾರ್ಡು ಕೊಳ್ಳಬೇಡಿ. ಖಾತರಿ ಪತ್ರದ ಸಣ್ಣ ಅಕ್ಷರಗಳನ್ನೂ ಓದಿ. ಸಾಮಾನ್ಯ ಕಾರ್ಡನ್ನು ಡ್ಯಾಶ್‌ಕ್ಯಾಮಿಗೆ ಬಳಸಿದರೆ ಖಾತರಿ ಇಲ್ಲವೆಂದು ಕೆಲವು ಕಂಪನಿಗಳು ಮೊದಲೇ ಕೈ ತೊಳೆದುಕೊಂಡಿರುತ್ತವೆ. ಖಾತರಿ ಇದ್ದರೂ ಸಿಗುವುದು ಹೊಸ ಕಾರ್ಡು, ಕಳೆದುಹೋದ ಚಿತ್ರವಲ್ಲ.

ನಮ್ಮ ಬೀದಿಯ ಶಿಕ್ಷಕಿಯೊಬ್ಬರ ಕಾರಿಗೆ ವೆಸ್ಟ್ ಆಫ್ ಕಾರ್ಡ್ ರಸ್ತೆಯಲ್ಲಿ ಟೆಂಪೋ ಒರೆಸಿಕೊಂಡು ಹೋಯಿತು. ಕ್ಯಾಮೆರಾ ಇದೆಯೆಂಬ ಧೈರ್ಯದಿಂದ ಅವರು ಠಾಣೆಗೆ ಹೋದರು. ಕಾರ್ಡು ತೆಗೆದು ನೋಡಿದರೆ ಕೊನೆಯ ಚಿತ್ರ ಎರಡು ತಿಂಗಳ ಹಿಂದಿನದು, ಯಾರದೋ ನಾಮಕರಣಕ್ಕೆ ಹೋದ ದಾರಿ. ಕ್ಯಾಮೆರಾದ ಕೆಂಪು ದೀಪ ಅಷ್ಟೂ ದಿನ ಮಿನುಗುತ್ತಲೇ ಇತ್ತಂತೆ. ಕಾರ್ಡು ಸಾಯುವಾಗ ಕೂಗಿ ಸಾಯುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ, ಸಂಬಳದ ದಿನವೋ ಹುಣ್ಣಿಮೆಯೋ ನೆನಪಿಟ್ಟುಕೊಂಡು, ನಿನ್ನೆಯ ಚಿತ್ರ ತೆರೆಯುತ್ತದೆಯೇ ನೋಡಿ. ಬೇಕಾದ್ದನ್ನು ತೆಗೆದಿಟ್ಟುಕೊಂಡು ಕ್ಯಾಮೆರಾದಲ್ಲೇ ಕಾರ್ಡನ್ನು ಫಾರ್ಮ್ಯಾಟ್ ಮಾಡಿ. ಕ್ಯಾಮೆರಾ ಎಷ್ಟು ಜಿಬಿಯವರೆಗೆ ಒಪ್ಪುತ್ತದೆಂದು ಅದರ ಪುಸ್ತಕದಲ್ಲಿ ನೋಡಿ, ಒಪ್ಪುವುದಾದರೆ ದೊಡ್ಡದನ್ನೇ ಹಾಕಿ. ಜಾಗ ಹೆಚ್ಚಿದಷ್ಟೂ ಅಳಿಸುವ ಸರದಿ ನಿಧಾನ. ಗಂಟೆಯ ಲೆಕ್ಕ ಮುಗಿಯುವ ಮುಂಚೆಯೇ ಹೊಸದು ಹಾಕಿ. ಎಂಜಿನ್ ಆಯಿಲ್ ಬದಲಿಸುವವರಿಗೆ ಇದೇನು ದೊಡ್ಡ ಖರ್ಚಲ್ಲ.

ಏನಾದರೂ ನಡೆದೇಹೋದರೆ ಮೊದಲು ಕ್ಯಾಮೆರಾ ನಿಲ್ಲಿಸಿ, ಕಾರ್ಡು ತೆಗೆದು ಜೋಪಾನ ಮಾಡಿ. ಇಲ್ಲವಾದರೆ ಮನೆ ತಲುಪುವಷ್ಟರಲ್ಲಿ ಅದು ತನ್ನ ಪಾಡಿಗೆ ತಾನು ಅಳಿಸುತ್ತ ಹೋಗುತ್ತಿರುತ್ತದೆ. ವಾಟ್ಸಾಪಿನಲ್ಲಿ ನೆಂಟರಿಗೆಲ್ಲ ಹಂಚಿ, ಮೂಲವನ್ನು ಕಳೆದುಕೊಳ್ಳಬೇಡಿ. ಹಂಚುವಾಗ ಚಿತ್ರ ಕುಗ್ಗುತ್ತದೆ, ನಂಬರ್ ಪ್ಲೇಟು ಮಸುಕಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಇಂಥ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡಬೇಕಾದರೆ ಪ್ರಮಾಣಪತ್ರ ಬೇಕು. ಚಿತ್ರ ತಿದ್ದಿಲ್ಲವೆಂದು ತೋರಿಸುವ, ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ 'ಹ್ಯಾಷ್' ಎಂಬ ಗುರುತುಸಂಖ್ಯೆಯನ್ನೂ ಅದರಲ್ಲಿ ಬರೆಯಬೇಕು. ಮೂಲ ಕಾರ್ಡು ಕೈಯಲ್ಲಿದ್ದರೆ ನಿಮ್ಮ ದಾರಿ ಸುಲಭ.

ಕ್ಯಾಮೆರಾ ಮಾರುವವರಿಗೆ ನನ್ನದೊಂದು ಮಾತು. ಎಣ್ಣೆ ಪ್ಯಾಕೆಟ್ಟಿನ ಮೇಲೆ ಬಳಕೆಯ ಅವಧಿ ಅಚ್ಚು ಹಾಕುವ ದೇಶ ಇದು. ಡ್ಯಾಶ್‌ಕ್ಯಾಮಿನ ಡಬ್ಬದ ಮೇಲೆ, ಎಂಥ ಕಾರ್ಡು ಹಾಕಬೇಕು, ಅದು ಎಷ್ಟು ಗಂಟೆ ಬಾಳುತ್ತದೆ ಎಂದು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ ಬರೆಯಲು ನಿಮಗೇನು ಕಷ್ಟ? ಕಣ್ಣನ್ನು ಮಾರಿ ಲಾಭ ಮಾಡಿಕೊಂಡು, ನೆನಪಿನ ಹೊಣೆಯನ್ನು ಗಿರಾಕಿಯ ತಲೆಗೆ ಕಟ್ಟುವುದು ವ್ಯಾಪಾರವಲ್ಲ, ವಂಚನೆ.

ಅವರು ಬರೆಯುವ ತನಕ ಕಾಯುತ್ತ ಕೂರಬೇಕಿಲ್ಲ. ಮುಂದಿನ ಸಲ ಮನೆಯಲ್ಲಿ ಕ್ಯಾಮೆರಾದ ಮಾತು ಎದ್ದಾಗ, 'ಅದೆಲ್ಲ ನಿನಗೆ ತಿಳಿಯೋಲ್ಲ ಬಿಡು' ಎಂದು ಯಾರಾದರೂ ಅಂದರೆ, 'ಕಾರ್ಡು ಎಷ್ಟು ಗಂಟೆಯದು?' ಎಂದು ಒಂದೇ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಬರದಿದ್ದರೆ ಪರ್ಸು ನಿಮ್ಮ ಕೈಗೆ ತೆಗೆದುಕೊಳ್ಳಿ.